ಗೊತ್ತಿದ್ದ ದೋಷ, ಗೊತ್ತಿಲ್ಲದ ಗಿರಾಕಿ

"ಗಾಡಿ ಚೆನ್ನಾಗಿದೆ, ಬೆಲೆ ಅಗ್ಗ, ಗೇರಿನಲ್ಲಿ ಸ್ವಲ್ಪ ನಡುಕ ಇದೆ, ಅಷ್ಟೆ." ಹಳೆಯ ಕಾರುಗಳ ವ್ಯಾಪಾರದಲ್ಲಿ ಈ "ಅಷ್ಟೆ" ಎಂಬ ಮಾತಿನಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ. ಫೋರ್ಡ್ ಕಂಪೆನಿಯವರು ಫಿಯೆಸ್ಟಾ ಎಂಬ ಸಣ್ಣ ಕಾರಿಗೂ ಅದಕ್ಕಿಂತ ತುಸು ದೊಡ್ಡದಾದ ಫೋಕಸ್ ಕಾರಿಗೂ "ಪವರ್‌ಶಿಫ್ಟ್" ಎಂಬ ಹೆಸರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಜೋಡಿಸಿ ಹತ್ತಾರು ದೇಶಗಳಲ್ಲಿ ಮಾರಿದರು. ಆ ಗೇರ್‌ಬಾಕ್ಸಿನ ರೋಗ ಈಗ ಜಗಜ್ಜಾಹೀರಾಗಿದೆ. ಹಾಗಿದ್ದೂ ಆ ಕಾರುಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ. ಬೆಲೆ ಕಂಡು ಆಸೆಪಟ್ಟವರು ಕೊಳ್ಳಬಹುದೇ ಎಂದು ಕೇಳುತ್ತಾರೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಕೊಳ್ಳಬೇಡಿ. ಆದರೆ ಬರಿದೆ "ಬೇಡಿ" ಎಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಇಷ್ಟವಿಲ್ಲ. ಕೊಂಡವನನ್ನು ದಡ್ಡನೆಂದು ನಗುವವರೊಡನೆ ನಮಗೆ ಜಗಳವಿದೆ.

ನಮ್ಮ ಮಿತ್ರರಲ್ಲೇ ಕೆಲವರು, ಕಾರಿನ ವಿಚಾರ ಈ ಪತ್ರಿಕೆಗೇಕೆ, ಕಾರು ಉಳ್ಳವರ ಷೋಕಿ ತಾನೆ ಎಂದು ಹುಬ್ಬೇರಿಸುತ್ತಾರೆ. ಅಂಥ ಕಾಲವೊಂದಿತ್ತು, ನಿಜ. ಅಂಬಾಸಡರ್ ಕಾರು ಊರಿಗೊಂದು ಇದ್ದು, ಅದು ಸಾಹುಕಾರರ ಮನೆಯ ಮುಂದೆ ನಿಲ್ಲುತ್ತಿದ್ದ ಕಾಲ ಅದು. ಇಂದು ಎಂಟು ವರ್ಷದ ಹಳೆಯ ಸಣ್ಣ ಕಾರನ್ನು ಕೊಳ್ಳುವವರು ಯಾರು? ಮೂವತ್ತು ಮೈಲಿ ದೂರದ ಶಾಲೆಗೆ ವರ್ಗವಾದ ಮೇಡಂ. ರಾತ್ರಿ ಪಾಳಿಯ ನರ್ಸು. ಮುದಿ ತಾಯಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕಾದ ಮಗ. ಕೊನೆಯ ಬಸ್ಸು ಏಳೂವರೆಗೇ ಹೊರಟುಹೋಗುವ ಊರುಗಳಲ್ಲಿ ಅವರು ಮಾಡುವುದಾದರೂ ಏನು? ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಾಲ ಮಾಡಿ, ಒಡವೆ ಗಿರವಿಯಿಟ್ಟು ಕೊಳ್ಳುತ್ತಾರೆ. ಶ್ರೀಮಂತನಿಗೆ ಕೆಟ್ಟ ಕಾರು ಒಂದು ಕಿರಿಕಿರಿ. ಅವನು ಅದನ್ನು ಮಾರಿ ಇನ್ನೊಂದನ್ನು ತರುತ್ತಾನೆ. ಅವನು ಮಾರಿದ್ದು ಬಂದು ಬೀಳುವುದು ಇವರ ತಲೆಯ ಮೇಲೆ.

ಇನ್ನು ಯಂತ್ರದ ವಿಚಾರ. ಇದನ್ನು ಅರ್ಥಮಾಡಿಕೊಳ್ಳಲು ಇಂಜಿನಿಯರಾಗಬೇಕಿಲ್ಲ. ಮೆಟ್ರಿಕ್ಕಿನವರೆಗೆ ಓದಿದ ನಮಗೇ ಅರ್ಥವಾಗಿದೆ. ಸಾಧಾರಣ ಕಾರಿನಲ್ಲಿ ಇಂಜಿನಿಗೂ ಚಕ್ರಕ್ಕೂ ನಡುವೆ ಒಂದು ಕ್ಲಚ್ಚು ಇರುತ್ತದೆ. ಅದನ್ನು ಕಾಲಿನಲ್ಲಿ ಒತ್ತಿ ನಾವೇ ಗೇರು ಬದಲಿಸುತ್ತೇವೆ. ಪವರ್‌ಶಿಫ್ಟಿನಲ್ಲಿ ಎರಡು ಕ್ಲಚ್ಚುಗಳು. ಒಂದು, ಮೂರು, ಐದನೆಯ ಗೇರುಗಳನ್ನು ಒಂದು ಹಿಡಿದರೆ, ಎರಡು, ನಾಲ್ಕು, ಆರನ್ನು ಇನ್ನೊಂದು ಹಿಡಿಯುತ್ತದೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರು ಸಿದ್ಧವಾಗಿ ನಿಂತಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಕಾಲಿನ ಕೆಲಸವಿಲ್ಲ, ಎಲ್ಲವನ್ನೂ ಒಂದು ಪುಟ್ಟ ಕಂಪ್ಯೂಟರೇ ಮಾಡುತ್ತದೆ. ಕಲ್ಪನೆ ಜಾಣತನದ್ದೇ, ನಾವು ಅಲ್ಲಗಳೆಯುವುದಿಲ್ಲ. ಇದೇ ತತ್ವದ ಗೇರ್‌ಬಾಕ್ಸುಗಳು ಬೇರೆಡೆ ಚೆನ್ನಾಗಿ ಓಡಿದ್ದೂ ಉಂಟು.

ಎಡವಟ್ಟಾದದ್ದು ಬೇರೆ ಕಡೆ. ಇಂಥ ಕ್ಲಚ್ಚನ್ನು ಎರಡು ಬಗೆಯಲ್ಲಿ ಮಾಡಬಹುದು. ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಒದ್ದೆ ಕ್ಲಚ್ಚು. ಉಜ್ಜಾಟದ ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಎಣ್ಣೆಯಿಲ್ಲದೆ ಬರೀ ಗಾಳಿಗೆ ಬಿಟ್ಟರೆ ಒಣ ಕ್ಲಚ್ಚು. ತೂಕ ಕಡಿಮೆ, ಎಣ್ಣೆಯ ಪಂಪಿನ ಖರ್ಚು ಕಡಿಮೆ, ಪೆಟ್ರೋಲಿನಲ್ಲೂ ಚೂರು ಉಳಿತಾಯ. ಇದೇ ಪವರ್‌ಶಿಫ್ಟ್ ಹೆಸರಿನಲ್ಲಿ ಒದ್ದೆ ಕ್ಲಚ್ಚಿನ ಗೇರ್‌ಬಾಕ್ಸೂ ಫೋರ್ಡಿನವರ ಬಳಿ ಇತ್ತು. ಯೂರೋಪಿನಲ್ಲಿ ಹೆಚ್ಚು ಬಲದ ಡೀಸೆಲ್ ಇಂಜಿನುಗಳ ಕಾರಿಗೆ ಅದನ್ನು ಹಾಕುತ್ತಿದ್ದರು. ಸಣ್ಣ ಕಾರಿನ ಗಿರಾಕಿಗೆ ಬಂದದ್ದು ಒಣ ಕ್ಲಚ್ಚು.

ಈಗ ಈ ಒಣ ಕ್ಲಚ್ಚಿನ ಕಾರು ಸಂತೆಯ ದಿನದ ಪೇಟೆಬೀದಿಯಲ್ಲಿ ತೆವಳುತ್ತಿದೆಯೆಂದು ಇಟ್ಟುಕೊಳ್ಳಿ. ಎರಡು ಮಾರು ಮುಂದೆ, ನಿಂತಿತು. ಮತ್ತೆ ಎರಡು ಮಾರು. ಪ್ರತಿಸಲವೂ ಕ್ಲಚ್ಚು ಅರೆಬರೆ ಹಿಡಿದು ಜಾರಬೇಕು. ಉಜ್ಜಾಟದಿಂದ ಶಾಖ ಹುಟ್ಟುತ್ತದೆಂಬುದು ಅಂಗೈ ತಿಕ್ಕಿ ನೋಡಿದ ಮಗುವಿಗೂ ಗೊತ್ತು. ಬಿಸಿಯಾದ ಪ್ಲೇಟು ಸಮನಾಗಿ ಹಿಡಿಯದೆ ಕಾರು ಚಳಿಜ್ವರ ಬಂದವರಂತೆ ನಡುಗುತ್ತದೆ. ಇಷ್ಟು ಸಾಲದೆಂಬಂತೆ ಗೇರ್‌ಬಾಕ್ಸಿನೊಳಗಿನ ಸೀಲು ಸೋರಿ, ಎಣ್ಣೆ ತಾಕಲೇಬಾರದ ಒಣ ಕ್ಲಚ್ಚಿಗೆ ಎಣ್ಣೆ ಮೆತ್ತಿತು. ಇದರ ಮೇಲೆ ಅಪ್ಪಣೆ ಕೊಡುವ ಆ ಪುಟ್ಟ ಕಂಪ್ಯೂಟರೇ ಕೈಕೊಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಕಾರು ಯೋಚನೆ ಮಾಡುತ್ತಾ ನಿಲ್ಲುವುದು, ಓಡುತ್ತಿದ್ದ ಕಾರು ಬಲ ಕಳೆದುಕೊಳ್ಳುವುದು — ಲಾರಿ ಹಿಂದೆ ಬರುತ್ತಿರುವಾಗ ಹೀಗಾದರೆ ಅದನ್ನು "ಸ್ವಲ್ಪ ನಡುಕ" ಎನ್ನಬಹುದೇ?

ಅಮೆರಿಕದಲ್ಲಿ ಫಿಯೆಸ್ಟಾ 2011ರ ಮಾದರಿಯಿಂದ, ಫೋಕಸ್ 2012ರ ಮಾದರಿಯಿಂದ ಈ ಗೇರ್‌ಬಾಕ್ಸನ್ನು ಹೊತ್ತು ಬಂದವು. ಫಿಯೆಸ್ಟಾ ಅಲ್ಲಿ ಆ ಕಂಪೆನಿ ಮಾರುತ್ತಿದ್ದ ಅತಿ ಅಗ್ಗದ ಕಾರುಗಳಲ್ಲೊಂದು. ದೂರುಗಳು ಬಂದವು, ಗ್ಯಾರೇಜಿನವರು ಕ್ಲಚ್ಚು ಬದಲಿಸಿದರು, ಸಾಫ್ಟ್‌ವೇರ್ ತಿದ್ದಿದರು, ನಡುಕ ಮತ್ತೆ ಬಂತು. 2019ರ ಜುಲೈಯಲ್ಲಿ ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆ ಕಂಪೆನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆಳೆಯಿತು. ಮಾರಾಟಕ್ಕೆ ಮೊದಲೇ ಒಳಗಿನವರು ಎಚ್ಚರಿಸಿದ್ದರೆಂಬುದು ಅದರ ವರದಿಯ ತಿರುಳು. ಡೆಟ್ರಾಯಿಟ್ ಎಂದರೆ ಫೋರ್ಡ್ ಕಂಪೆನಿಯ ತವರು. ತವರೂರಿನ ಪತ್ರಿಕೆಯೇ ಬರೆಯಿತೆಂಬುದನ್ನು ಓದುಗರು ಗಮನಿಸಬೇಕು. ಕಂಪೆನಿಯವರು ಏನೆಂದರು? ಪರಿಹಾರ ಹುಡುಕಲು ನಾವೆಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು ಎಂದರು. ಕಾರು ಸುರಕ್ಷಿತವಾಗಿಯೇ ಇತ್ತು ಎಂದೂ ಸಾಧಿಸಿದರು. ಆ ಕಾಲವೆಲ್ಲಾ ಕಾರು ಮಾರಾಟವಾಗುತ್ತಲೇ ಇತ್ತಲ್ಲಾ ಮಹಾಶಯರೇ!

ಪತ್ರಿಕೆಯ ವರದಿಯನ್ನು ನಂಬದವರಿಗೆ ಆಸ್ಟ್ರೇಲಿಯದ ನ್ಯಾಯಾಲಯದ ತೀರ್ಪಿದೆ. ಅಲ್ಲಿ ಫೋಕಸ್, ಫಿಯೆಸ್ಟಾ, ಇಕೋಸ್ಪೋರ್ಟ್ ಮೂರೂ ಸೇರಿ ಸುಮಾರು 70,000 ಪವರ್‌ಶಿಫ್ಟ್ ಕಾರುಗಳು ಮಾರಾಟವಾಗಿದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಕಾರುಗಳು ಗೇರ್‌ಬಾಕ್ಸಿನ ಸಂಬಂಧವಾಗಿ ಒಮ್ಮೆಯಾದರೂ ರಿಪೇರಿಗೆ ಹೋಗಿದ್ದವೆಂದು ಆ ದೇಶದ ಗ್ರಾಹಕ ಆಯೋಗ ಹೇಳಿತು. ಅರ್ಧ! ನಮ್ಮ ಶಾಲೆಯಲ್ಲಿ ಅರ್ಧ ತರಗತಿ ಒಂದೇ ಲೆಕ್ಕದಲ್ಲಿ ತಪ್ಪಿದರೆ ತಪ್ಪು ಮಕ್ಕಳದಲ್ಲ, ಪಾಠ ಹೇಳಿದವನದು ಎನ್ನುತ್ತಿದ್ದೆವು. ಫೋರ್ಡಿನವರು ಹೇಳಿದ್ದೇನೆಂದರೆ, ನೀವು ಓಡಿಸುವ ರೀತಿ ಸರಿಯಿಲ್ಲ, ಅದಕ್ಕೇ ಕಾರು ನಡುಗುತ್ತದೆ. ಗೇರ್‌ಬಾಕ್ಸಿನಲ್ಲೇ ದೋಷವಿರುವುದು ತಿಳಿದಿದ್ದೂ ಗಿರಾಕಿಗಳಿಗೆ ಹೀಗೆ ಹೇಳಿದರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನೆಲ ನಿಜಕ್ಕೂ ಡೊಂಕು. ಡೊಂಕು ನೆಲ ಹಾಕಿದ ಮೇಸ್ತ್ರಿಯೇ ಬಂದು, ಕುಣಿಯಲು ಬಾರದೇನೇ ನಿನಗೆ ಎಂದು ಹಂಗಿಸುತ್ತಿದ್ದಾನೆ.

ಕಾರು ವಾಪಸ್ಸು ತೆಗೆದುಕೊಳ್ಳಿ ಎಂದು ಕೇಳಿದವರಲ್ಲಿ ಹೆಚ್ಚಿನವರಿಗೆ ಹಣ ಮರಳಲಿಲ್ಲ. ಬೇರೆ ಕಾರು ಕೊಡುತ್ತೇವೆ, ಆದರೆ ಮೇಲೆ ಇಷ್ಟು ದುಡ್ಡು ಕಟ್ಟಿ ಎಂದರು. ಆ ಏರ್ಪಾಡಿನ ಹೆಸರಿನಲ್ಲಿ ಗಿರಾಕಿಯ "ನಿಷ್ಠೆ"ಯ ಮಾತಿತ್ತು! ಮೋಸಹೋದವನು ನಿಷ್ಠೆ ತೋರಿಸಬೇಕಂತೆ, ಅದೂ ಕೈಯಿಂದ ಹಣ ಹಾಕಿ. 2015ರ ಮೇ 1ರಿಂದ 2016ರ ಫೆಬ್ರವರಿ 29ರವರೆಗೆ ದೂರುಗಳನ್ನು ನಡೆಸಿಕೊಂಡ ರೀತಿ ಅನೀತಿಯದೆಂದು 2018ರ ಏಪ್ರಿಲಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಸಾರಿ, ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ಜುಲ್ಮಾನೆ ಹಾಕಿತು. ಕಂಪೆನಿ ತಪ್ಪೊಪ್ಪಿಕೊಂಡಿತ್ತು.

ಆದರೆ ಹಳೆಯ ಕಾರು ಕೊಳ್ಳಹೊರಟವರು ಮುಖ್ಯವಾಗಿ ನೆನಪಿಡಬೇಕಾದದ್ದು ಜುಲ್ಮಾನೆಯ ಮೊತ್ತವನ್ನಲ್ಲ. ಗೇರ್‌ಬಾಕ್ಸು ಕೆಟ್ಟಿದೆಯೆಂದು ಗಿರಾಕಿಗಳು ಒಪ್ಪಿಸಿಹೋದ ಕಾರುಗಳನ್ನು ಕಂಪೆನಿ ಏನು ಮಾಡಿತು? ಮತ್ತೆ ಮಾರಿತು. ಅವಕ್ಕೆ ಈ ದೂರು ಇತ್ತೆಂಬುದನ್ನು ಹೇಳದೆ ಮಾರಿತು. ಒಬ್ಬನ ಕಣ್ಣೀರಿನ ಕಾರು ತೊಳೆಸಿ ಒರೆಸಿ ಇನ್ನೊಬ್ಬನ ಮನೆಯ ಮುಂದೆ ನಿಂತಿತು. ಇಷ್ಟು ದೊಡ್ಡ ಕಂಪೆನಿ, ಇಷ್ಟು ಬಿಗಿಯಾದ ಕಾನೂನಿರುವ ದೇಶದಲ್ಲಿ ಹೀಗೆ ಮಾಡಬಹುದಾದರೆ, ಹೆದ್ದಾರಿಯ ಬದಿಯಲ್ಲಿ ಬಣ್ಣದ ಪತಾಕೆ ಕಟ್ಟಿ ಇಪ್ಪತ್ತು ಕಾರು ನಿಲ್ಲಿಸಿಕೊಂಡ ದಲ್ಲಾಳಿ ಸತ್ಯಹರಿಶ್ಚಂದ್ರನಾಗಿರುತ್ತಾನೆಂದು ಯಾವ ಭರವಸೆಯಿಂದ ನಂಬೋಣ?

ನಮ್ಮ ರೈತ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ನಡೆಸುತ್ತಾನೆ, ನೊಗಕ್ಕೆ ಹೂಡಿ ಎಳೆಸುತ್ತಾನೆ. ಅಷ್ಟಾದ ಮೇಲೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಎತ್ತಿನ ಕುಂಟು ಕಣ್ಣಿಗೆ ಕಾಣುತ್ತದೆ. ಈ ಗೇರ್‌ಬಾಕ್ಸಿನ ಕುಂಟು ಕಾಣುವುದಿಲ್ಲ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎರಡು ಮೈಲಿ ಓಡಿಸಿದರೆ ಬೆಣ್ಣೆಯ ಹಾಗೆ ಓಡೀತು. ಸಾಫ್ಟ್‌ವೇರ್ ತಿದ್ದಿಸಿದ ಹೊಸತರಲ್ಲಿ ನಡುಕ ಕೆಲವು ದಿನ ಅಡಗಿಯೂ ಇದ್ದೀತು. ಬಿಸಿಲಿನಲ್ಲಿ, ಘಾಟಿಯ ಏರಿನಲ್ಲಿ, ಐದು ಜನ ಕೂತು ತೆವಳುವಾಗ ಹೊರಬರುತ್ತದೆ. ಆಗ ಮಾರಿದವನು ಫೋನ್ ಎತ್ತುವುದಿಲ್ಲ.

"ದೋಷ ಇರುವುದರಿಂದಲೇ ಬೆಲೆ ಇಳಿದಿದೆ, ಇಳಿದ ಬೆಲೆಯಲ್ಲಿ ರಿಪೇರಿಯ ಖರ್ಚು ಸೇರಿದೆ, ಲೆಕ್ಕ ಸಮವಾಯಿತಲ್ಲ" ಎಂಬ ಜಾಣರ ವಾದ ಒಂದುಂಟು. ಕೇಳಲು ಚೆನ್ನಾಗಿದೆ. ಅಮೆರಿಕದ ಜಾರ್ಜ್ ಅಕರ್‌ಲೋಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟು ಬರೆದ ಒಂದು ಲೇಖನ ಈ ವಾದದ ಬುಡವನ್ನೇ ಅಲುಗಿಸುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಅವರ ಮಾತು ಸರಳ. ಕಾರಿನ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಸರಾಸರಿ ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಬರುವುದಿಲ್ಲ, ಕೆಟ್ಟ ಕಾರಿನ ಒಡೆಯ ಓಡಿ ಬರುತ್ತಾನೆ. ಪವರ್‌ಶಿಫ್ಟಿಗೆ ಇದನ್ನು ಹಚ್ಚಿ ನೋಡಿ. ಕ್ಲಚ್ಚು ಬದಲಾಗಿ ನೆಟ್ಟಗಿರುವ ಕಾರನ್ನು ಅದರ ಒಡೆಯ ಈ ನೆಲಕಚ್ಚಿದ ಬೆಲೆಗೆ ಏಕೆ ಮಾರಿಯಾನು? ತಾನೇ ಓಡಿಸಿಕೊಂಡಿರುತ್ತಾನೆ. ಹಾಗಾದರೆ ಮಾರಾಟಕ್ಕೆ ಬಂದದ್ದು ಯಾವುದು? ಸರಾಸರಿಯ ರೋಗಕ್ಕೆ ಸರಾಸರಿಯ ರಿಯಾಯಿತಿ ಸಿಕ್ಕಿರುತ್ತದೆ; ನಿಮ್ಮ ಪಾಲಿಗೆ ಬಂದದ್ದು ಸರಾಸರಿಗಿಂತ ಹೆಚ್ಚು ರೋಗದ ಗಾಡಿ. ಲೆಕ್ಕ ಸಮವಾಗಲಿಲ್ಲ.

ಸಾಲ ಮಾಡಿ ಕೊಂಡವನ ಲೆಕ್ಕದಲ್ಲಿ ಇನ್ನೂ ಒಂದು ಬಾಬತ್ತು ಉಂಟು. ಕಾರು ಗ್ಯಾರೇಜಿನಲ್ಲಿ ನಿಂತ ತಿಂಗಳೂ ಕಂತು ನಿಲ್ಲುವುದಿಲ್ಲ.

ಪರಿಹಾರ ಸಿಕ್ಕಿದೆಯಲ್ಲ ಎನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ 2012ರಲ್ಲಿ ಹೂಡಿದ ಸಾಮೂಹಿಕ ದಾವೆಯ ಪರಿಷ್ಕೃತ ರಾಜಿಯನ್ನು ನ್ಯಾಯಾಲಯ ಒಪ್ಪಿದ್ದು 2020ರಲ್ಲಿ. ಅದರ ವ್ಯಾಪ್ತಿಗೆ ಬಂದ ಹಾಲಿ, ಮಾಜಿ ಒಡೆಯರ ಸಂಖ್ಯೆ 19 ಲಕ್ಷದ ಆಸುಪಾಸು. ನಗದು ಬೇಕಾದರೆ ಒಂದೇ ರೋಗಕ್ಕೆ ಮತ್ತೆ ಮತ್ತೆ ಗ್ಯಾರೇಜು ಹತ್ತಿದ್ದಕ್ಕೆ ರುಜುವಾತು ಕೊಡಬೇಕಿತ್ತು. ಬೇಸತ್ತು ಎರಡನೆಯ ರಿಪೇರಿಗೇ ಸಿಕ್ಕಿದ ಬೆಲೆಗೆ ಮಾರಿಹೋದವನ ಗತಿಯೇನು? ಕಂಪೆನಿ ಕ್ಲಚ್ಚಿನ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೂ, ಆ ಕಂಪ್ಯೂಟರಿನದನ್ನು 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿಗೂ ಹಿಗ್ಗಿಸಿತ್ತು. ಬಹುಪಾಲು ಕಾರುಗಳಿಗೆ ಆ ವಾಯಿದೆಗಳು ತೀರಿವೆ. ಥಾಯ್ಲೆಂಡಿನಲ್ಲಿ 2018ರಲ್ಲಿ ಸುಮಾರು 290 ಜನ ಗಿರಾಕಿಗಳು ನ್ಯಾಯಾಲಯದಿಂದ ಪರಿಹಾರದ ಆಜ್ಞೆ ಪಡೆದರು. ಆಸ್ಟ್ರೇಲಿಯದಲ್ಲಿ 2016ರಲ್ಲಿ ಹೂಡಿದ ಇನ್ನೊಂದು ದಾವೆಯಲ್ಲಿ, ಕಾರಿನ ಬೆಲೆ ಎಷ್ಟು ತಗ್ಗಿತೆಂಬುದನ್ನು ಕೊಂಡ ದಿನಕ್ಕೇ ಲೆಕ್ಕಹಾಕಬೇಕೆಂಬ ತತ್ವವನ್ನು ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಗೊತ್ತುಮಾಡಿದ್ದು 2024ರ ನವೆಂಬರಿನಲ್ಲಿ. ಎಂಟು ವರ್ಷ! ದಾವೆ ಮುಗಿಯುವುದರೊಳಗೆ ಕಾರು ಗುಜರಿಗೆ ಹೋಗಿರುತ್ತದೆ.

ಇದೆಲ್ಲ ಪರದೇಶದ ಕಥೆಯೆಂದು ಪುಟ ಮಗುಚಬೇಡಿ. ನಮ್ಮ ದೇಶದಲ್ಲೂ 2011ರಲ್ಲಿ ಬಂದ ಹೊಸ ಫಿಯೆಸ್ಟಾದ ಆಟೋಮ್ಯಾಟಿಕ್ಕಿನಲ್ಲಿಯೂ, 2013ರಲ್ಲಿ ಬಂದ ಇಕೋಸ್ಪೋರ್ಟಿನ ಪೆಟ್ರೋಲ್ ಆಟೋಮ್ಯಾಟಿಕ್ಕಿನಲ್ಲಿಯೂ ಪವರ್‌ಶಿಫ್ಟ್ ಹೆಸರಿನ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸೇ ಇತ್ತು. 2017ರ ಕೊನೆಗೆ ಇಕೋಸ್ಪೋರ್ಟಿನಲ್ಲಿ ಅದನ್ನು ತೆಗೆದು ಹಳೆಯ ಪದ್ಧತಿಯ ಆಟೋಮ್ಯಾಟಿಕ್ಕನ್ನು ಹಾಕಿದರು. 2021ರ ಸೆಪ್ಟೆಂಬರಿನಲ್ಲಿ ಕಂಪೆನಿ ಇಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವುದಾಗಿ ಸಾರಿತು. ಅಂದಮೇಲೆ ಇಂದು ಸಿಗುವುದೆಲ್ಲ ಸೆಕೆಂಡ್‌ಹ್ಯಾಂಡ್ ಗಾಡಿ. ಈ ಗೇರ್‌ಬಾಕ್ಸನ್ನು ಬಿಚ್ಚಲು ವಿಶೇಷ ಸಲಕರಣೆ ಬೇಕು, ತಿಳಿದ ಕೈ ಬೇಕು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಎಷ್ಟೇ ಚತುರನಾದರೂ ಅವನ ಸ್ಪ್ಯಾನರಿಗೆ ಇದು ಬಗ್ಗುವುದಲ್ಲ.

ಕಾನೂನು ಕಾಯುತ್ತದೆಯೇ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಗೆ ಬಂದಿದೆ. ದೋಷದ ಸರಕಿನಿಂದ ಹಾನಿಯಾದರೆ ತಯಾರಕನನ್ನೂ ಹೊಣೆ ಮಾಡುವ ಅಧ್ಯಾಯ ಅದರಲ್ಲಿದೆ. ಒಳ್ಳೆಯದೇ. ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ವ್ಯಾಪಾರಿಯಲ್ಲದ ಖಾಸಗಿ ಮನುಷ್ಯನಿಂದ ಕೊಂಡರೆ ಅವನ ಮೇಲೆ ಆಯೋಗಕ್ಕೆ ಹೋಗುವ ದಾರಿಯೇ ಇಲ್ಲ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಿಂದ ದೋಷದ ಗಾಡಿಗಳನ್ನು ವಾಪಸ್ಸು ಕರೆಸುವ ಅಧಿಕಾರ ಸರ್ಕಾರಕ್ಕೆ ಬಂತು. ಆದರೆ 2021ರ ನಿಯಮಗಳಂತೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. 2017ರ ಗಾಡಿ ಆ ಗೆರೆಯನ್ನು ದಾಟಿಹೋಗಿದೆ. ಅಮೆರಿಕದ ರಾಜ್ಯಗಳಲ್ಲಿರುವಂತೆ, ಪದೇಪದೇ ರಿಪೇರಿಗೆ ಬಂದ ಹೊಸ ಕಾರನ್ನು ಕಂಪೆನಿ ಮರಳಿ ಕೊಳ್ಳಲೇಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಹೊಲ ಕೊಂಡರೆ ಋಣಭಾರದ ಪ್ರಮಾಣಪತ್ರ ತೆಗೆದು ನೋಡಬಹುದು. ಯಾರ ಬಳಿ ಅಡವಿತ್ತು, ಯಾವ ವರ್ಷ ಬಿಡುಗಡೆಯಾಯಿತು, ಎಲ್ಲ ಬರೆದಿರುತ್ತದೆ. ಕಾರಿನ ಆರ್‌ಸಿ ಪುಸ್ತಕದಲ್ಲಿ ಬಣ್ಣ ಬರೆದಿರುತ್ತದೆ, ಗೇರ್‌ಬಾಕ್ಸು ಎಷ್ಟು ಸಲ ಇಳಿಸಿದರೆಂದು ಬರೆದಿರುವುದಿಲ್ಲ. ಆ ಲೆಕ್ಕ ಕಂಪೆನಿಯ ಗ್ಯಾರೇಜಿನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಮಾಲೀಕತ್ವ ಬದಲಾಗುವಾಗ ಅದನ್ನು ಕೊಳ್ಳುವವನ ಕೈಗೆ ಕೊಡತಕ್ಕದ್ದೆಂದು ಒಂದು ಸಾಲಿನ ನಿಯಮ ಮಾಡಲು ಸಾರಿಗೆ ಇಲಾಖೆಗೆ ಏನು ಅಡ್ಡಿ? ಬೊಕ್ಕಸಕ್ಕೆ ಕಾಸಿನ ಖರ್ಚಿಲ್ಲ. ನಮ್ಮ ಶಾಸಕರು ಸಭೆಯಲ್ಲಿ ಇದನ್ನು ಕೇಳಲಿ. ಕೇಳುವವರೆಗೆ ನಾವು ಅವರನ್ನು ಕೇಳುತ್ತಿರುತ್ತೇವೆ.

ಇಷ್ಟಾದರೂ ಆ ಕಾರಿನ ಮೇಲೆ ಮನಸ್ಸು ನೆಟ್ಟವರಿಗೆ ಹೇಳುವುದೇನೆಂದರೆ, ಕಾಲಿನಲ್ಲಿ ಕ್ಲಚ್ಚು ಒತ್ತುವ ಮ್ಯಾನ್ಯುಯಲ್ ಫಿಯೆಸ್ಟಾ ಹುಡುಕಿ. ಅದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಮಂಡಿನೋವಿನಿಂದಲೋ ಮತ್ತಾವ ಕಾರಣದಿಂದಲೋ ಆಟೋಮ್ಯಾಟಿಕ್ಕೇ ಬೇಕೆನ್ನುವವರು ಬೇರೆ ಪದ್ಧತಿಯದನ್ನು ನೋಡಲಿ. ಪವರ್‌ಶಿಫ್ಟೇ ಎದುರಿಗೆ ನಿಂತಿದ್ದರೆ, ಒಬ್ಬರೇ ಹೋಗಬೇಡಿ. ತಣ್ಣಗಿರುವಾಗ ಒಮ್ಮೆ, ಮುಕ್ಕಾಲು ಗಂಟೆ ಪೇಟೆಯಲ್ಲಿ ತೆವಳಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ, ಏರಿನಲ್ಲಿ ನಿಲ್ಲಿಸಿ ಎತ್ತಿ ನೋಡಿ. ನಾಲ್ಕು ಜನರನ್ನು ಕೂರಿಸಿಕೊಂಡೇ ನೋಡಿ. ಕ್ಲಚ್ಚು, ಸೀಲು, ಕಂಪ್ಯೂಟರ್ ಯಾವಾಗ ಬದಲಾದವೆಂದು ಬಿಲ್ಲು ಕೇಳಿ. ಬಿಲ್ಲಿಲ್ಲದ ರಿಪೇರಿಯನ್ನು ಆಗಿಲ್ಲವೆಂದೇ ತಿಳಿಯಿರಿ. ಕೊನೆಗೆ, ಈ ಗಾಡಿಯ ಗೇರ್‌ಬಾಕ್ಸಿನ ವಿಷಯದಲ್ಲಿ ನನಗೆ ತಿಳಿದಿರುವುದು ಇಷ್ಟು, ಮುಚ್ಚಿಟ್ಟದ್ದು ಹೊರಬಿದ್ದರೆ ಹಣ ಹಿಂದಿರುಗಿಸುತ್ತೇನೆ ಎಂದು ಮಾರುವವನಿಂದ ಒಂದು ಮುಚ್ಚಳಿಕೆ ಬರೆಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ. ಅವನು ಪೆನ್ನು ಮುಟ್ಟದಿದ್ದರೆ ಮುಂಗಡ ಕೊಡದೆ ಎದ್ದು ಬನ್ನಿ.